ಹಾಡು ಮುಗಿಯುವ ತನಕ ಆಸ್ತಿಕ

ನನಗೆ ದೇವರಲ್ಲಿ ನಂಬಿಕೆಯಿಲ್ಲ. ಆದರೆ ದೇವರ ಹಾಡು ಎಲ್ಲಿಂದಾದರೂ ಕೇಳಿಬಂದರೆ ಕಾಲು ತಾನಾಗಿಯೇ ಆ ಕಡೆ ತಿರುಗುತ್ತದೆ. ಈ ಮಾತು ಹೇಳಿದರೆ ಎರಡೂ ಕಡೆಯವರು ನಗುತ್ತಾರೆ. "ಒಳಗ ಭಕ್ತಿ ತುಂಬ್ಯದ, ಹೊರಗ ಸುಮ್ನ ಒಣ ಜಂಭ" ಎಂದು ಭಕ್ತರು. "ಇಂವ ಇನ್ನಾ ಪೂರಾ ಬೆಂದಿಲ್ಲ" ಎಂದು ನನ್ನ ವಿಚಾರವಾದಿ ಗೆಳೆಯರು. ಇಬ್ಬರಿಗೂ ನನ್ನ ಮೇಲೆ ಒಂದಿಷ್ಟು ಭರವಸೆ ಉಳಿದಿದೆ ಎಂಬುದೇ ನನಗೆ ಭಯ.

ಕಲಬುರಗಿಯಲ್ಲಿ ನಾಸ್ತಿಕನಾಗಿ ಬದುಕುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಗುಡಿಗೆ ಹೋಗದಿದ್ದರೆ ಯಾರೂ ಹಾಜರಿ ತೆಗೆದುಕೊಳ್ಳುವುದಿಲ್ಲ. ಕಷ್ಟ ಇರುವುದು ಕಿವಿಗೆ. ಈ ಊರಿನ ಪಂಚಾಂಗವನ್ನು ಕಣ್ಣು ಮುಚ್ಚಿಕೊಂಡೇ ಓದಬಹುದು. ಸಂಜೆ ಮಠದ ಕಡೆಯಿಂದ ತಬಲಾ ಶ್ರುತಿ ಮಾಡುವ ಟಕಟಕ ಬಂತೆಂದರೆ ಶ್ರಾವಣ. ಹಲಗಿಯ ಪೆಟ್ಟು ಬಿದ್ದರೆ ಮೊಹರಂ. ದರ್ಗಾದ ಕಡೆಯಿಂದ ರಾತ್ರಿ ಗಾಳಿಯಲ್ಲಿ ಚಪ್ಪಾಳೆ ಸಮೇತ ಕವ್ವಾಲಿ ತೇಲಿಬಂದರೆ ಖ್ವಾಜಾ ಬಂದಾನವಾಜರ ಉರುಸು. ಡಿಸೆಂಬರಿನ ಚಳಿಯಲ್ಲಿ ಗಿಟಾರು, ಢೋಲಕ್ ಎರಡೂ ಕೂಡಿ ಓಣಿಯ ತುದಿಯಲ್ಲಿ ನಿಂತವೆಂದರೆ ಕ್ರಿಸ್ಮಸ್. ಹೋಳಿಯ ಐದನೆಯ ದಿನ ಶರಣಬಸವೇಶ್ವರರ ತೇರು ಎಳೆಯುವಾಗ ಕೇಳಿಸುವುದನ್ನು ಹಾಡು ಎನ್ನಲಾಗದು, ಅದು ಬರೀ ಗದ್ದಲ. ಆದರೆ ಹಿಂದಿನ ರಾತ್ರಿ ಗುಡಿಯ ಅಂಗಳದಲ್ಲಿ ಹಳ್ಳಿಯಿಂದ ಬಂದ ಭಜನಿ ಮೇಳಗಳು ಕುಳಿತಿರುತ್ತವಲ್ಲ, ಅಲ್ಲಿಗೆ ಹೋದರೆ ಬೆಳಗಾಗುವ ತನಕ ಮನೆಯ ನೆನಪಾಗುವುದಿಲ್ಲ.

ಶ್ರಾವಣದಿಂದಲೇ ಹೇಳುತ್ತೇನೆ. ನಮ್ಮ ಕಡೆ ಆ ತಿಂಗಳು ಮಠಮಠದಲ್ಲೂ 'ಪುರಾಣ ಹಚ್ಚುತ್ತಾರೆ'. ಉಂಡು ಕೈ ತೊಳೆದ ಮೇಲೆ ಜನ ಚಾಪೆ ಹಿಡಿದು ಬರುತ್ತಾರೆ. ಮೇಲೆ ಶಾಸ್ತ್ರಿಗಳು ಒಬ್ಬರು, ಅವರ ಎಡಬಲಕ್ಕೆ ಹಾರ್ಮೋನಿಯಂ ಹಿಡಿದ ಗವಾಯಿ ಮತ್ತು ತಬಲಾ ಮಾಸ್ತರು. ಶಾಸ್ತ್ರಿಗಳು ಯಾವುದೋ ಶರಣರ ಚರಿತ್ರೆ ಹೇಳುತ್ತ ಹೇಳುತ್ತ, ಸೊಸೆಯಂದಿರು ಹೇಗಿರಬೇಕು, ಮೊಬೈಲು ಎಷ್ಟು ನೋಡಬೇಕು ಎಂಬಲ್ಲಿಗೆ ಬಂದು ನಿಲ್ಲುತ್ತಾರೆ. ಆಗ ಗವಾಯಿ ಗಂಟಲು ಸರಿಮಾಡಿಕೊಂಡು ಒಂದು ವಚನ ಎತ್ತಿಕೊಳ್ಳುತ್ತಾರೆ. ಈ ಗವಾಯಿಗಳಲ್ಲಿ ಎಷ್ಟೋ ಜನ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತು ಬಂದವರು. ಅಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು, ತಾವೂ ಅಂಧರಾಗಿದ್ದು ಕಣ್ಣಿಲ್ಲದ ಮಕ್ಕಳಿಗೆ ಅನ್ನ ಹಾಕಿ ಸ್ವರ ಕಲಿಸಿದರು. ಪುಟ್ಟರಾಜರು 2010ರಲ್ಲಿ ತೀರಿಕೊಂಡರು. ಅವರ ಶಿಷ್ಯರು, ಶಿಷ್ಯರ ಶಿಷ್ಯರು ಇವತ್ತಿಗೂ ಶ್ರಾವಣ ಬಂತೆಂದರೆ ಪೆಟ್ಟಿಗೆ ಹೊತ್ತು ಉತ್ತರ ಕರ್ನಾಟಕದ ಬಸ್ಸು ಹತ್ತುತ್ತಾರೆ. ಪುಣ್ಯವೆಂಬ ಮಾತು ನನ್ನ ಬಾಯಿಗೆ ಸುಲಭವಾಗಿ ಬರುವುದಿಲ್ಲ. ಆ ಆಶ್ರಮದ ಹೆಸರಿನಲ್ಲಿ ಅದು ಇರುವುದಕ್ಕೆ ನನ್ನ ತಕರಾರೂ ಇಲ್ಲ.

ನಾನು ಕೂಡುವ ಜಾಗ ಹಿಂದೆ, ಚಪ್ಪಲಿ ರಾಶಿಯ ಹತ್ತಿರ. ಉಪದೇಶ ಶುರುವಾದರೆ ಎದ್ದು ಚಹಾಕ್ಕೆ ಹೋಗುತ್ತೇನೆ. ಹಾರ್ಮೋನಿಯಂ ಉಸಿರೆಳೆದ ಸಪ್ಪಳ ಕೇಳಿದರೆ ಲೋಟ ಅಲ್ಲೇ ಇಟ್ಟು ಓಡಿಬರುತ್ತೇನೆ. ನಮ್ಮ ಭಜನಾ ಮಂಡಳಿಯ ಹಿರಿಯರೊಬ್ಬರಿದ್ದಾರೆ, ಇಡೀ ಓಣಿಗೆ ಕಾಕಾ. ಒಮ್ಮೆ ನನ್ನ ಈ ಓಡಾಟ ನೋಡಿ ತಡೆದರು.

"ಅಲ್ರೀ ಸರ, ದಿನಾ ಪುರಾಣಕ್ಕ ಬರ್ತೀರಿ, ಪುರಾಣ ಒಂದು ಬಿಟ್ಟು ಎಲ್ಲಾ ಕೇಳ್ತೀರಿ!"

"ಕಾಕಾ, ನಾನು ಹಾಡಿಗಿ ಬರಾವ್ರಿ."

"ಹಾಡ್ನ್ಯಾಗ ಏನದ್ರಿ ಹಂಗಾರ? ಅದ್ರಾಗೂ ಅವನೇ ಅದಾನಲ್ರಿ!"

ಇದಕ್ಕೆ ನನ್ನ ಹತ್ತಿರ ಒಂದು ಸಿದ್ಧ ಉತ್ತರವಿತ್ತು: ನಾನು ರಾಗ ಕೇಳುತ್ತೇನೆ, ಮಾತು ಕೇಳುವುದಿಲ್ಲ. ನಾಸ್ತಿಕ ರಸಿಕರೆಲ್ಲರ ಜೇಬಿನಲ್ಲೂ ಇರುವ ಉತ್ತರ ಇದು. ಹೇಳಲು ಬಲು ಅನುಕೂಲ, ಒಳಗೆ ಪೂರ್ತಿ ಟೊಳ್ಳು. ಭೀಮಪಲಾಸಿ ರಾಗ ಒಂದೇ ಸಾಕಾಗಿದ್ದರೆ ನಾನು ಮನೆಯಲ್ಲಿ ಸಿತಾರಿನ ರೆಕಾರ್ಡು ಹಾಕಿಕೊಂಡು ಕೂಡಬಹುದಿತ್ತು. ಚಪ್ಪಲಿಯ ವಾಸನೆಯ ನಡುವೆ ಸೊಳ್ಳೆ ಕಡಿಸಿಕೊಳ್ಳುವ ಅಗತ್ಯವಿರಲಿಲ್ಲ. ಅಲ್ಲಿ ಬಸವಣ್ಣನ ಮಾತು ಬೇಕು. ಇಲ್ಲೇ ಬಸವಕಲ್ಯಾಣದಲ್ಲಿ ಕುಳಿತು, ನನಗೆ ತಾಳಮಾನ ತಿಳಿಯದು, ನಿನಗೆ ಕೇಡಿಲ್ಲವಾದ್ದರಿಂದ ನಾನು ಒಲಿದಂತೆ ಹಾಡುತ್ತೇನೆ ಎಂದು ಕೂಡಲಸಂಗಮನಿಗೆ ಹೇಳಿದವನ ಮಾತು. ನನ್ನ ಸ್ಥಿತಿ ಅದರ ತಿರುಗುಮುರುಗು. ತಾಳಮಾನ ಒಂದಿಷ್ಟು ಗೊತ್ತು, ಸಂಗಮದೇವನೇ ಗೊತ್ತಿಲ್ಲ. ಹಾಗಿದ್ದೂ ಆ ಸಾಲು ಬಂದಾಗ ಗವಾಯಿಯ ದನಿ ಒಂದು ಕ್ಷಣ ತೂಗಾಡಿ ಸಮಕ್ಕೆ ಇಳಿಯುತ್ತದಲ್ಲ, ಆಗ ಅಲ್ಲಿ ಯಾರೋ ಕೇಳಿಸಿಕೊಳ್ಳುತ್ತಿದ್ದಾರೆ ಎಂದು ನನಗೂ ಖಾತ್ರಿಯಾಗಿ ಅನ್ನಿಸುತ್ತದೆ. ಹಾಡು ಮುಗಿದ ಮೇಲೆ ಅನ್ನಿಸುವುದಿಲ್ಲ. ಕಾಕಾಗೆ ಇದನ್ನು ಹೇಳಿದರೆ, "ಸಾಕಲ್ರೀ, ಅಷ್ಟೇ ಹೊತ್ತು ನಮಗೂ ಅನಸ್ತದ" ಎಂದುಬಿಟ್ಟರು. ಅವರು ತಮಾಷೆಗೆ ಹೇಳಿದರೋ ನಿಜಕ್ಕೋ ಇನ್ನೂ ತಿಳಿದಿಲ್ಲ.

ಮೊಹರಂ ಇನ್ನೂ ಹಳೆಯ ಸಂಬಂಧ. ನಮ್ಮ ಹಳ್ಳಿಗಳಲ್ಲಿ ಅದು ಅಲಾಯಿ ಹಬ್ಬ. ಮುಸಲರ ಮನೆ ಒಂದೂ ಇಲ್ಲದ ಊರಿನಲ್ಲೂ ಬೆಂಕಿ ಹಾಕಲು ಅಲಾಯಿ ಕುಣಿ ತೋಡುತ್ತಾರೆ, ದೇವರು ಕೂಡಿಸುತ್ತಾರೆ, ಚೋಂಗೆ ಎಂಬ ಸಿಹಿರೊಟ್ಟಿ ಮಾಡುತ್ತಾರೆ, ಲಿಂಗ ಕಟ್ಟಿದವರು ಸಕ್ಕರೆ ಓದಿಸುತ್ತಾರೆ. ರಾತ್ರಿ ಮೊಹರಂ ಪದ ಹಾಡುವ ರಿವಾಯತ ಮೇಳದವರು ದುಂಡಗೆ ನಿಂತು, ಹೆಗಲ ಮೇಲಿನ ಟವೆಲು ಬಿಗಿದು, ಕರ್ಬಲಾದ ಕಾಳಗವನ್ನು ಅಚ್ಚ ನಮ್ಮ ಕನ್ನಡದಲ್ಲಿ ಹಾಡುತ್ತಾರೆ. ಕರ್ಬಲಾ ಇರುವುದು ಇರಾಕಿನಲ್ಲಿ, ಪ್ರವಾದಿಯವರ ಮೊಮ್ಮಗ ಹುಸೇನರು ಅಲ್ಲಿ ಮಡಿದದ್ದು ಕ್ರಿ.ಶ. 680ರಲ್ಲಿ. ಹಾಡಿನಲ್ಲಿ ಮಾತ್ರ ಅದು ಭೀಮಾ ಹೊಳೆಯ ಆಚೆ ದಂಡೆಯಲ್ಲಿ, ಹೋದ ವರ್ಷ ನಡೆದಂತೆ ಇರುತ್ತದೆ. ತಾಯಂದಿರು ನಮ್ಮ ತಾಯಂದಿರಂತೆಯೇ ಎದೆ ಬಡಿದುಕೊಂಡು ಮಾತಾಡುತ್ತಾರೆ.

ಚಾಂದ್ರಮಾನದ ಹಬ್ಬವಾದ್ದರಿಂದ ಮೊಹರಂ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ. ಸುಮಾರು ಮೂವತ್ತಮೂರು ವರ್ಷಕ್ಕೆ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. ಮಳೆಗಾಲದಲ್ಲಿ ಬಂದಾಗ ಆ ಹಾಡುಗಳು ಒಂದು ಬಗೆ. ಬೇಸಗೆಯಲ್ಲಿ ಬಂದಾಗ ಕೇಳಬೇಕು. ಯೂಫ್ರೆಟಿಸ್ ನದಿ ಕಣ್ಣೆದುರಿಗೇ ಹರಿಯುತ್ತಿದೆ, ಶತ್ರುಗಳು ಕಾವಲಿದ್ದಾರೆ, ಕೂಸಿನ ಗಂಟಲು ಒಣಗಿದೆ. ಅದನ್ನು ಕೇಳುತ್ತಿರುವ ಹೆಂಗಸರು ಅದೇ ಬೆಳಿಗ್ಗೆ ಬೋರಿನ ಮುಂದೆ ಕೊಡ ಸರತಿಗಿಟ್ಟು ಬಂದವರು. ನೀರು ಎಂಬ ಮಾತು ಬಂದಾಗೆಲ್ಲ ಸೆರಗು ಕಣ್ಣಿಗೆ ಹೋಗುತ್ತದೆ. ಆ ಅಳುವಿಗೆ ಯಾವ ಧರ್ಮದ ಚೀಟಿಯೂ ಬೇಕಾಗಿಲ್ಲ, ನನಗೂ ಬರುತ್ತದೆ. ಆದರೆ ಹಾಡು ಅಲ್ಲಿಗೇ ನಿಲ್ಲುವುದಿಲ್ಲ. ಮುಂದೆ ಆಕಾಶ ಕೆಂಪಾಗುತ್ತದೆ, ದೇವದೂತರು ಇಳಿಯುತ್ತಾರೆ. ಅಲ್ಲಿ ನಾನು ತಕರಾರು ತೆಗೆಯಬೇಕಲ್ಲವೇ? ತೆಗೆಯುವುದಿಲ್ಲ. ದೊಡ್ಡಾಟ ನೋಡುವವನಿಗೆ ರಾಕ್ಷಸನ ಬಣ್ಣ ಹಚ್ಚಿದವ ಊರ ದರ್ಜಿ ಎಂದು ಚೆನ್ನಾಗಿ ಗೊತ್ತು, ನಾಳೆ ಅವನ ಹತ್ತಿರವೇ ಅಂಗಿ ಹೊಲಿಯಲು ಕೊಡುವವ. ಆದರೂ ಅವನು ಅಬ್ಬರಿಸಿ ಬಂದಾಗ ಮಗುವನ್ನು ಹತ್ತಿರ ಎಳೆದುಕೊಳ್ಳುತ್ತಾನೆ. ನಾನೂ ಹಾಗೆ. ಮೇಳದವರು 'ಸಿಟ್' ಎಂದು ಕುಣಿತ ನಿಲ್ಲಿಸುವ ತನಕ ಆಕಾಶ ಕೆಂಪಗೇ ಇರಲಿ.

ಇದನ್ನು ನಮ್ಮ ಗೆಳೆಯರೊಬ್ಬರು ಒಪ್ಪುವುದಿಲ್ಲ. ನಿವೃತ್ತ ಅಧ್ಯಾಪಕರು, ಕಟ್ಟಾ ವಿಚಾರವಾದಿ, ಮನೆಯಲ್ಲಿ ಕ್ಯಾಲೆಂಡರಿನ ದೇವರ ಚಿತ್ರದ ಮೇಲೂ ಕಾಗದ ಅಂಟಿಸಿದವರು. ಅವರ ವಾದ ಸರಳ. ಹಾಡು ಎಂದರೆ ಭಕ್ತಿಯ ಬಲೆ. ಮೊದಲು ಕಿವಿ ಹೋಗುತ್ತದೆ, ಆಮೇಲೆ ತಲೆ. ನಾನು ಅವರಿಗೆ ಒಂದೊಂದೇ ಹೆಸರು ಹೇಳುತ್ತ ಬಂದೆ. ಯಕ್ಷಗಾನಕ್ಕೆ ಜೀವಮಾನ ಕೊಟ್ಟ ಶಿವರಾಮ ಕಾರಂತರಿಗೆ ದೇವರ ಬಗ್ಗೆ ನಂಬಿಕೆ ಎಲ್ಲಿತ್ತು? ಅಲ್ಲಿನ ಪ್ರಸಂಗಗಳಲ್ಲಿ ದೇವರಿಲ್ಲದ ಪ್ರಸಂಗ ಎಲ್ಲಿದೆ? 1961ರ 'ಹಮ್ ದೋನೋ' ಸಿನಿಮಾದಲ್ಲಿ ಅಲ್ಲಾ, ಈಶ್ವರ ಎರಡನ್ನೂ ಒಂದೇ ಸಾಲಿನಲ್ಲಿ ಕರೆಯುವ ಪ್ರಾರ್ಥನೆ ಬರೆದವರು ಸಾಹಿರ್ ಲುಧಿಯಾನ್ವಿ. ಆ ಮನುಷ್ಯ ನಾಸ್ತಿಕ. ನಮ್ಮ ಎಷ್ಟೋ ಶಾಲೆಗಳಲ್ಲಿ ಮಕ್ಕಳು ಕೈಮುಗಿದು ನಿಂತು ಅದನ್ನು ಹಾಡಿದ್ದಾರೆ. ನೆಹರೂ 1954ರಲ್ಲಿ ಬರೆದ ಉಯಿಲಿನಲ್ಲಿ ತನ್ನ ಬೂದಿಯ ಒಂದು ಹಿಡಿ ಗಂಗೆಗೆ ಬಿಡಿ ಎಂದು ಕೇಳಿಕೊಂಡು, ಇದಕ್ಕೂ ಧರ್ಮಕ್ಕೂ ಸಂಬಂಧವಿಲ್ಲ ಎಂದೂ ಸೇರಿಸಿದರು. ಗೆಳೆಯರು ಎಲ್ಲ ಕೇಳಿ, "ಅವರೆಲ್ಲಾ ದೊಡ್ಡವರು, ಅವರಿಗೆ ನಡೀತದ. ನೀವು ಶಹಾಬಜಾರದಾಗ ಇರಾವ್ರು" ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಡಿಸೆಂಬರು ನನಗೆ ವರ್ಷದ ಅತಿ ಸಮೃದ್ಧ ತಿಂಗಳು. ಮಾರ್ಗಶಿರದ ಹುಣ್ಣಿಮೆಗೆ ದತ್ತ ಜಯಂತಿ. ಗಾಣಗಾಪುರದ ಕಡೆ ಹೋಗುವ ಬಸ್ಸುಗಳ ಒಳಗೇ ಮರಾಠಿ ಭಜನೆ ಶುರುವಾಗಿರುತ್ತದೆ. ಹುಮನಾಬಾದಿನ ಹತ್ತಿರದ ಮಾಣಿಕನಗರದಲ್ಲಿ ಅದೇ ಹೊತ್ತಿಗೆ ಸಂಗೀತದ ದರಬಾರು. ಅಲ್ಲಿನ ಮಾಣಿಕಪ್ರಭುಗಳು ಬದುಕಿದ್ದು 1817ರಿಂದ 1865ರ ತನಕ. ಎಲ್ಲ ಮತಗಳೂ ಸರಿ ಎಂಬ ಸಕಲಮತ ಸಂಪ್ರದಾಯ ಅವರದು. ಪದ ಕಟ್ಟುವಾಗ ಮರಾಠಿ, ಹಿಂದಿ, ಕನ್ನಡ, ಉರ್ದು ಎಂದು ಭೇದ ಮಾಡಲಿಲ್ಲ. ಎಲ್ಲ ಮತವೂ ಸರಿ ಎನ್ನುವವರಿಗೂ ಯಾವ ಮತವೂ ಬೇಡ ಎನ್ನುವ ನನಗೂ ಮಾತಿಗೆ ಕೂತರೆ ಜಗಳ ಬರಬಹುದು. ದರಬಾರಿನ ಜಮಖಾನದ ಮೇಲೆ ಕೂತು ಕೇಳುವಾಗ ಬರುವುದಿಲ್ಲ.

ಇದು ಮುಗಿಯುವಷ್ಟರಲ್ಲಿ ಕ್ರಿಸ್ಮಸ್. ಬೀದರ ಜಿಲ್ಲೆಯಲ್ಲಿ ಮೆಥಡಿಸ್ಟ್ ಮಿಷನ್ನಿನವರು ಹತ್ತೊಂಬತ್ತನೆಯ ಶತಮಾನದ ಕೊನೆಗೇ ಬಂದು ನೆಲೆ ನಿಂತದ್ದರಿಂದ, ಅಲ್ಲಿನ ಹಳ್ಳಿಗಳಲ್ಲೂ ಕ್ರಿಸ್ಮಸ್ ಎಂದರೆ ಊರ ಹಬ್ಬ. ಗುಡಿಸಲ ಮುಂದೂ ಕಾಗದದ ನಕ್ಷತ್ರ ತೂಗುತ್ತದೆ. ಕಲಬುರಗಿಯಲ್ಲಿ ನಮ್ಮ ಎದುರುಮನೆ ಅಕ್ಕೋರು ಶಾಲೆಯಿಂದ ನಿವೃತ್ತರಾದವರು. ಹಬ್ಬದ ಮುಂಚೆ ಒಂದು ರಾತ್ರಿ ಅವರ ಮನೆಗೆ ಹಾಡುವ ಹುಡುಗರು ಬರುತ್ತಾರೆ. ನಮ್ಮ ಮನೆಯ ದೀಪ ಆರಿಸಿದ್ದರೂ ನಾನು ಕಿಟಕಿಯ ಹಿಂದೆ ಇರುತ್ತೇನೆಂದು ಅಕ್ಕೋರಿಗೆ ಗೊತ್ತು. "ಬರ್ರಿ ಅಣ್ಣಾರ, ಕಳ್ಳರಂಗ ಯಾಕ ಕೇಳ್ತೀರಿ? ಕೇಕ್ ಅದ" ಎಂದು ಕರೆಯುತ್ತಾರೆ. ಮನೆಯವಳು ಶಾಲು ಹೊದ್ದು ನನಗಿಂತ ಮೊದಲೇ ಹೋಗಿ ನಿಂತಿರುತ್ತಾಳೆ. ಅವಳು ಸೋಮವಾರ ಬಿಡದವಳು, ಶಿವನ ಮೇಲೆ ಅಪಾರ ಭಕ್ತಿ. ಅವಳಿಗೆ ಏಸುವಿನ ಹಾಡಿನಿಂದ ಯಾವ ಮುಜುಗರವೂ ಇಲ್ಲ. "ಕೂಸು ಹುಟ್ಯದಂತ ಹಾಡ್ಲಿಕತ್ತಾರ, ಅದಕ್ಕ ಯಾಕ ಇಷ್ಟು ವಿಚಾರ ಮಾಡ್ತೀರಿ?" ಎನ್ನುತ್ತಾಳೆ. ನಮ್ಮ ತೊಟ್ಟಿಲ ಪದಗಳಲ್ಲಿ ಕೃಷ್ಣ, ಬಸವಣ್ಣ ಎಲ್ಲರೂ ತೂಗಿಸಿಕೊಂಡಿದ್ದಾರೆ, ಇನ್ನೊಂದು ಕೂಸು ಹೆಚ್ಚಾದರೆ ಅವಳ ತೊಟ್ಟಿಲಿಗೆ ಭಾರವಿಲ್ಲ.

ಆ ಹುಡುಗರ ಮೇಳ ಒಂದು ಕೌತುಕ. ಮೊದಲ ಹಾಡು ಕನ್ನಡ, ಪೂರಾ ಭಜನೆಯ ಧಾಟಿ, ಢೋಲಕ್ಕಿನ ಮೇಲೆ ಕಹರವಾ. ಕಿಟೆಲ್ ಸಾಹೇಬರು ಏಸುವಿನ ಕಥೆಯನ್ನು ಕನ್ನಡದ ಛಂದಸ್ಸಿಗೆ ತಂದ ಕಾಲದಿಂದ ಬಂದ ಹಾದಿ ಅದು. ಎರಡನೆಯದು ತೆಲುಗು. ಮೂರನೆಯದು ಹಿಂದಿ. ಆಮೇಲೆ ಸಣ್ಣ ಮಕ್ಕಳನ್ನು ಮುಂದೆ ನಿಲ್ಲಿಸಿ 'ಜಿಂಗಲ್ ಬೆಲ್ಸ್'. ಮೇ ತಿಂಗಳಲ್ಲಿ ಡಾಂಬರು ಕರಗುವ ಊರಿನಲ್ಲಿ ಹಿಮದ ಮೇಲೆ ಕುದುರೆಯ ಜಾರುಬಂಡಿ ಓಡುತ್ತದೆ! ನನಗೆ ಆ ಹಾಡಿನ ಮೇಲೆ ವಿಶೇಷ ಪ್ರೀತಿ. ಅಮೆರಿಕದಲ್ಲಿ 1857ರಲ್ಲಿ ಜೇಮ್ಸ್ ಪಿಯರ್‌ಪಾಂಟ್ ಎಂಬಾತ ಅದನ್ನು ಅಚ್ಚು ಹಾಕಿಸಿದ. ಅದರಲ್ಲಿ ಏಸು ಇಲ್ಲ, ಮೇರಿ ಇಲ್ಲ, ಕ್ರಿಸ್ಮಸ್ ಎಂಬ ಶಬ್ದವೂ ಇಲ್ಲ. ಹುಡುಗ ಹುಡುಗಿ ಬಂಡಿ ಹತ್ತಿ ಹೋಗಿ ಹಿಮದಲ್ಲಿ ಉರುಳಿ ಬೀಳುವ ಹಾಡು. ಅದನ್ನು ಹಬ್ಬಕ್ಕೆ ಕಟ್ಟಿದವರು ಜನ. ಹಿಮದ ಕ್ರಿಸ್ಮಸ್ಸಿಗಾಗಿ ಹಂಬಲಿಸುವ ಇನ್ನೊಂದು ಜಗತ್ಪ್ರಸಿದ್ಧ ಹಾಡನ್ನು ಬಿಂಗ್ ಕ್ರಾಸ್ಬಿ 1942ರಲ್ಲಿ ರೆಕಾರ್ಡು ಮಾಡಿದರು. ಬರೆದ ಇರ್ವಿಂಗ್ ಬರ್ಲಿನ್ ಯಹೂದಿ.

ಇಂಗ್ಲೆಂಡಿನ ಸಂಗೀತಕಾರ ವಾನ್ ವಿಲಿಯಮ್ಸ್ ಕಥೆ ಇನ್ನೂ ಸೊಗಸು. 1906ರಲ್ಲಿ ಹೊರಬಂದ ಚರ್ಚಿನ ದೊಡ್ಡ ಕೀರ್ತನ ಪುಸ್ತಕಕ್ಕೆ ಸಂಗೀತ ಸಂಪಾದಕರಾಗಿ ಚರ್ಚಿನವರು ಆರಿಸಿದ್ದು ದೇವರಲ್ಲಿ ನಂಬಿಕೆಯಿಲ್ಲದ ಈ ಮನುಷ್ಯನನ್ನು. ಆತ ಹಳ್ಳಿಹಳ್ಳಿ ತಿರುಗಿ ರೈತರ ಹಾಡುಗಳ ಧಾಟಿ ಬರೆದುಕೊಳ್ಳುತ್ತಿದ್ದ. ಸರ್‍ರೆ ಪ್ರಾಂತದ ಮುದುಕನೊಬ್ಬ ಹಾಡಿದ, ನೇಗಿಲು ಹೊಡೆಯುವ ಹುಡುಗನ ಕನಸಿನ ಹಾಡೊಂದರ ಧಾಟಿಯನ್ನು ತಂದು ಬೆತ್ಲೆಹೆಮ್ ಊರಿನ ಕ್ರಿಸ್ಮಸ್ ಗೀತೆಗೆ ತೊಡಿಸಿದ. ಇವತ್ತು ಇಂಗ್ಲೆಂಡಿನಲ್ಲಿ ಅದನ್ನು ಆ ಧಾಟಿಯಲ್ಲೇ ಹಾಡುತ್ತಾರೆ. ಒಕ್ಕಲಿಗನ ಧಾಟಿ, ಪಾದ್ರಿಯ ಮಾತು, ನಾಸ್ತಿಕನ ಕೈಚಳಕ. ನಂಬುಗೆಯನ್ನು ಟೀಕಿಸಿ ಪುಸ್ತಕ ಬರೆದ ರಿಚರ್ಡ್ ಡಾಕಿನ್ಸ್ ಕೂಡ 2007ರಲ್ಲಿ, ಕ್ರಿಸ್ಮಸ್ ಹಾಡುಗಳನ್ನು ಎಲ್ಲರ ಜೊತೆ ತಾನೂ ಹಾಡುತ್ತೇನೆ ಎಂದು ಹೇಳಿಕೊಂಡರು. ಅವರ ಕಿಟಕಿಯ ಎದುರಿಗೂ ಒಬ್ಬ ಅಕ್ಕೋರು ಇದ್ದಿರಬೇಕು.

ಇವೆಲ್ಲಕ್ಕೂ ಸಾಕ್ಷಿಯಾಗಿ ಒಂದು ಪೆಟ್ಟಿಗೆ ಇದೆ, ಹಾರ್ಮೋನಿಯಂ. ಮಠದಲ್ಲಿ ಅದೇ, ದರ್ಗಾದ ಕವ್ವಾಲಿಗೂ ಅದೇ, ಅಕ್ಕೋರ ಚರ್ಚಿನಲ್ಲೂ ಅದೇ, ಬೀದರಿನ ನಾನಕ ಝೀರಾ ಗುರುದ್ವಾರದಲ್ಲಿ ಕೀರ್ತನೆಗೂ ಅದೇ. ಪ್ಯಾರಿಸ್ಸಿನಲ್ಲಿ ದೆಬೆಂ ಎಂಬಾತ 1840ರ ದಶಕದಲ್ಲಿ ಪೇಟೆಂಟ್ ಮಾಡಿಸಿದ್ದ, ಕಾಲಿನಿಂದ ತುಳಿದು ನುಡಿಸುವ ವಾದ್ಯ ಅದು. ಪಾದ್ರಿಗಳ ಜೊತೆ ಹಡಗು ಹತ್ತಿ ಬಂತು. ಕಲ್ಕತ್ತೆಯಲ್ಲಿ ದ್ವಾರಕಾನಾಥ ಘೋಷರು ಅದರ ಕಾಲು ಕತ್ತರಿಸಿ, ತಿದಿಯನ್ನು ಹಿಂದಕ್ಕೆ ತಂದು, ನೆಲದ ಮೇಲೆ ಕೂತು ನುಡಿಸುವಂತೆ ಮಾಡಿದರು. ಅಲ್ಲಿಂದ ಅದು ಚಕ್ಕಳಮಕ್ಕಳ ಹಾಕಿಕೊಂಡು ಕೂತದ್ದು ಇನ್ನೂ ಎದ್ದಿಲ್ಲ. ಶುದ್ಧ ಸಂಗೀತದವರು ಬಹಳ ಬೈದರು. ಶ್ರುತಿ ಸೂಕ್ಷ್ಮ ಇಲ್ಲ, ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಬಾರದು ಎಂದು ಆಕಾಶವಾಣಿ 1940ರಲ್ಲಿ ಅದಕ್ಕೆ ಬಾಗಿಲು ಹಾಕಿ 1971ರ ತನಕ ತೆಗೆಯಲಿಲ್ಲ. ಮಠ, ದರ್ಗಾ, ಚರ್ಚುಗಳು ಮಾತ್ರ ಯಾವತ್ತೂ ಬಾಗಿಲು ಹಾಕಲಿಲ್ಲ. ನನಗೆ ಆ ಪೆಟ್ಟಿಗೆಯ ಮೇಲೆ ಸ್ವಜಾತಿಯ ಅಭಿಮಾನ. ಅದಕ್ಕೂ ಯಾವ ದೇವರೂ ಇಲ್ಲ, ಗಾಳಿ ಇದ್ದರೆ ಸಾಕು.

ಹಾಗಾದರೆ ನಾಸ್ತಿಕರಿಗೆ ತಮ್ಮದೇ ಹಬ್ಬದ ಹಾಡು ಯಾಕಿಲ್ಲ? ಗೆಳೆಯರು ಒಮ್ಮೆ ಪ್ರಯತ್ನಿಸಿದರು. ವಿಜ್ಞಾನದ ಮಹಿಮೆಯನ್ನು ಕುರಿತು ಪದ್ಯ ಬರೆದು ಭಜನಿ ಧಾಟಿಗೆ ಕೂಡಿಸಿ ನಮ್ಮೆದುರು ಹಾಡಿದರು. ಗುರುತ್ವಾಕರ್ಷಣೆ ಎಂಬ ಶಬ್ದ ಯಾವ ತಾಳಕ್ಕೂ ಬಗ್ಗಲಿಲ್ಲ. ಮಾತು ಸರಿಯಿದ್ದರೆ ಹಾಡು ಆಗುತ್ತದೆ ಎಂಬುದಾಗಿದ್ದರೆ ಪಠ್ಯಪುಸ್ತಕಗಳನ್ನೆಲ್ಲ ಜನ ಹಾಡಿಕೊಂಡು ತಿರುಗಬೇಕಿತ್ತು. ಆದರೆ ಪೂರ್ತಿ ಇಲ್ಲವೆನ್ನಲಾಗದು. ಏಪ್ರಿಲ್ 14ರ ಹಿಂದಿನ ರಾತ್ರಿ ಜಗತ್ ವೃತ್ತದ ಕಡೆ ಹೋದರೆ ಗೊತ್ತಾಗುತ್ತದೆ. ಅಂಬೇಡ್ಕರರ ಮೇಲಿನ ಭೀಮಗೀತೆಗಳು, ಕನ್ನಡದಲ್ಲೂ ಮರಾಠಿಯಲ್ಲೂ, ಬೆಳಗಿನ ತನಕ. ಅಲ್ಲಿ ಹಾಡಿಸಿಕೊಳ್ಳುವವರು ಕೋಟು ತೊಟ್ಟು ಪುಸ್ತಕ ಹಿಡಿದ ಮನುಷ್ಯ. ಹೆಂಗಸರು ಸಂವಿಧಾನ ಎಂಬ ಶಬ್ದವನ್ನು ಲಾಲಿಪದದಂತೆ ಎಳೆದು ಹಾಡುವುದನ್ನು ಕೇಳಿದ ಮೇಲೆ, ಗುರುತ್ವಾಕರ್ಷಣೆಯದು ಶಬ್ದದ ತೊಂದರೆಯಲ್ಲ ಎಂದು ನನಗೆ ಮನವರಿಕೆಯಾಯಿತು. ಸಂವಿಧಾನದಿಂದ ಆ ಹೆಂಗಸರಿಗೆ ಏನೋ ಸಿಕ್ಕಿದೆ. ಗುರುತ್ವಾಕರ್ಷಣೆಯಿಂದ ನಮ್ಮ ಗೆಳೆಯರಿಗೆ ವಿಶೇಷವಾಗಿ ಏನೂ ಸಿಕ್ಕಿರಲಿಲ್ಲ.

ದೇವರನ್ನೇ ಬೈಯುವ ಹಾಡುಗಳೂ ನಮ್ಮಲ್ಲಿ ಬೇಕಾದಷ್ಟಿವೆ, ಅವುಗಳನ್ನು ದೇವರ ಮುಂದೆಯೇ ಕೂತು ಹಾಡುತ್ತೇವೆ. ಇಲ್ಲೇ ಕಡಕೋಳದ ಮಡಿವಾಳಪ್ಪನವರು, ಅವರ ಬಳಗದ ಚನ್ನೂರ ಜಲಾಲಸಾಹೇಬರು, ಖೈನೂರ ಕೃಷ್ಣಪ್ಪ ಕಟ್ಟಿದ ತತ್ತ್ವಪದಗಳಲ್ಲಿ ಡಾಂಭಿಕ ಗುರುಗಳಿಗೆ, ಬೂಟಾಟಿಕೆಯ ಪೂಜೆಗೆ ಬಿದ್ದಿರುವ ಏಟನ್ನು ಯಾವ ವಿಚಾರವಾದಿಯೂ ಕೊಟ್ಟಿಲ್ಲ. ಏಕತಾರಿ ಹಿಡಿದು, ದಮ್ಮಡಿ ಎಂಬ ಚರ್ಮವಾದ್ಯ ಬಡಿದು ಅದನ್ನು ಹಾಡುತ್ತಾರೆ. ನಡುವೆ ಪೂಜಾರಿ ಬಂದು ಮಂಗಳಾರತಿ ತಟ್ಟೆ ಹಿಡಿಯುತ್ತಾನೆ, ಬೈಸಿಕೊಂಡವನೇ ಪ್ರಸಾದ ಹಂಚುತ್ತಾನೆ. ಬೀದರಿನ ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹ್ಮದ್ ಶಾ ವಲಿಯ ಉರುಸಿಗೆ ನಮ್ಮ ಜಿಲ್ಲೆಯ ಮಾಡ್ಯಾಳದಿಂದ ಜಂಗಮರು ಹೋಗಿ ಗೋರಿಯ ಮುಂದೆ ಶಂಖ ಊದುತ್ತಾರೆ. ಇಂಥ ನಾಡಿನಲ್ಲಿ ಚಪ್ಪಲಿಯ ಹತ್ತಿರ ಕೂತ ಒಬ್ಬ ನಾಸ್ತಿಕ ಯಾರ ಲೆಕ್ಕಕ್ಕೆ?

ಔರಾದ, ಭಾಲ್ಕಿ ಕಡೆಯ ಅಖಂಡ ಹರಿನಾಮ ಸಪ್ತಾಹದ ಒಂದು ಪದ್ಧತಿ ನನಗೆ ಬಲು ಇಷ್ಟ. ಏಳು ದಿನ ಹಗಲೂ ರಾತ್ರಿ ಒಂದು ವೀಣೆ ನೆಲ ಮುಟ್ಟುವಂತಿಲ್ಲ. ಒಬ್ಬರ ಕೊರಳಿಂದ ಇನ್ನೊಬ್ಬರ ಕೊರಳಿಗೆ ಪಾಳಿ ಬದಲಾಗುತ್ತದೆ. ಸಂಜೆಯ ಪಾಳಿಗೆ ಊರ ಗಣ್ಯರೆಲ್ಲ ಪೈಪೋಟಿ. ನಡುರಾತ್ರಿ ಕಳೆದ ಮೇಲಿನದಕ್ಕೆ ಯಾರು ಸಿಕ್ಕರೆ ಅವರು. ಆ ಹೊತ್ತಿನಲ್ಲಿ ವೀಣೆ ಕೊಡುವವನು ಕೇಳುವ ಪ್ರಶ್ನೆ ಒಂದೇ: "ನಿದ್ದಿ ಬರಂಗಿಲ್ಲಲ್ಲ?" ಎಂಥ ಪಾಳಿಯಲ್ಲಿ ಯಾರ ಕೊರಳಲ್ಲಿ ಅದು ಇತ್ತು ಎಂಬುದನ್ನು ನಾನು ಇಲ್ಲಿ ಬರೆಯುವುದಿಲ್ಲ, ಗೆಳೆಯರು ಓದುತ್ತಾರೆ.

ನನ್ನ ಈ ಉದಾರತೆಗೂ ಒಂದು ಗಡಿಯಿದೆ. ಡಿ.ಜೆ. ಬಂದ ಮೇಲೆ ಗಣಪತಿ, ಉರುಸು, ಜಯಂತಿ ಎಲ್ಲದರ ಮೆರವಣಿಗೆಯೂ ಒಂದೇ ಥರ ಎದೆಗೆ ಗುದ್ದುತ್ತದೆ. ಕಿಟಕಿಯ ಗಾಜು ನಡುಗುತ್ತದೆ, ಮುದುಕರು ಮಾತ್ರೆ ಹುಡುಕುತ್ತಾರೆ. ಅದನ್ನು ಕೇಳುವಾಗ ನಾನು ಒಂದು ಕ್ಷಣಕ್ಕೂ ಆಸ್ತಿಕನಾಗುವುದಿಲ್ಲ; ಅಕ್ಕಪಕ್ಕದ ಆಸ್ತಿಕರ ಮುಖ ನೋಡಿದರೆ ಅವರೂ ನನ್ನ ಕಡೆ ವಾಲುತ್ತಿರುವಂತೆ ಕಾಣುತ್ತದೆ. ಬೆಳಗಿನ ಐದಕ್ಕೆ ಧ್ವನಿವರ್ಧಕದಲ್ಲಿ ಬರುವ ಸುಪ್ರಭಾತಗಳ ಬಗ್ಗೆಯೂ ಬರೆಯಬಹುದಿತ್ತು, ಬೇಡ. ಹಾಡಲು ಒಬ್ಬ ಮನುಷ್ಯ ಎದ್ದು ಕೂತಿದ್ದರೆ ನಾನೂ ಎದ್ದು ಕೂಡುತ್ತೇನೆ. ಪೆನ್‌ಡ್ರೈವ್ ಹಾಡುತ್ತ ಪೂಜಾರಿ ಮಲಗಿದ್ದರೆ ನಾನೂ ದಿಂಬು ಕಿವಿಗೆ ಒತ್ತಿಕೊಳ್ಳುತ್ತೇನೆ.

ಮೊನ್ನೆ ಕಾಕಾ ಪಟ್ಟಿ ಎತ್ತಲು ಮನೆಗೆ ಬಂದಿದ್ದರು. ಪ್ರತಿ ವರ್ಷ ನಮ್ಮ ಮನೆಯ ಪಟ್ಟಿ ಮನೆಯವಳ ಹೆಸರಿಗೆ ಹೋಗುತ್ತದೆ. ಈ ಸಲ ಮಂಡಳಿಯ ಹಾರ್ಮೋನಿಯಂನ ತಿದಿ ಹರಿದು, ನುಡಿಸಿದರೆ ದಮ್ಮು ಹತ್ತಿದವರಂತೆ ಏದುಸಿರು ಬಿಡುತ್ತಿದೆ ಎಂದು ತಿಳಿದು, ನನ್ನ ಹೆಸರಿನಲ್ಲೂ ಬರೆದುಕೊಳ್ಳಿ ಎಂದೆ. ಕಾಕಾ ಚಾಳೀಸು ಏರಿಸಿ ರಶೀದಿ ಪುಸ್ತಕ ತೆರೆದರು.

"ಯಾವ ಸೇವಾ ಅಂತ ಬರೀಲಿ ಸರ? ಅಭಿಷೇಕ, ದಾಸೋಹ, ದೀಪದ ಎಣ್ಣಿ, ಇಷ್ಟೇ ಅಚ್ಚ ಮಾಡ್ಸೀವಿ."

"ಪೆಟಗಿ ರಿಪೇರಿ ಅಂತ ಬರೀರಿ ಕಾಕಾ."

"ಹಂಗ ಕಾಲಂ ಇಲ್ರಿ." ಸ್ವಲ್ಪ ಹೊತ್ತು ಪೆನ್ನು ಗಲ್ಲಕ್ಕೆ ಒತ್ತಿಕೊಂಡು ಯೋಚಿಸಿದರು. "ಕೆಳಗ 'ಇತರೆ' ಅಂತ ಒಂದದ. ಅದ್ರಾಗ ಹಾಕ್ಲ್ಯಾ?"

"ಹಾಕ್ರಿ."

ರಶೀದಿ ಹರಿದು ಕೊಟ್ಟು, ಚಪ್ಪಲಿ ಮೆಟ್ಟುತ್ತ ತಿರುಗಿ ನೋಡಿದರು. "ಈ ಸೋಮಾರ ಎಂಟಕ್ಕೇ ಬರ್ರಿ. ದಮ್ಮಡಿ ಬಡಿಯಾವ ಬೀಗರೂರಿಗಿ ಹೋಗ್ಯಾನ. ಮತ್ತ ಆ ಚಪ್ಪಲ್ ಕಡಿ ಕೂಡಬ್ಯಾಡ್ರಿ, ಅಲ್ಲಿಂದ ತಾಳ ಕೇಳ್ಸಂಗಿಲ್ಲ."